ಅಪ್ರೆಂಟಿಸ್ ಅಂದ್ರ ಮೂಗು ಮುರಿಯೋದ್ಯಾಕ?

"ಬಿ.ಇ. ಮುಗಿಸಿ ಅಪ್ರೆಂಟಿಸ್ ಹೋಗ್ತಿ ಏನಲೇ? ಊರಾನ ಮಂದಿ ಏನ ಅಂದಾರು?"

ನಮ್ಮ ಸಿವಿಲ್ ಬ್ರಾಂಚಿನ ಸೀನಿಯರ್ ಒಬ್ಬರಿಗೆ ಮನೆಯಲ್ಲೇ ಬಿದ್ದ ಮಾತಿದು. ಅವರು ತಿಕೋಟಾ ಕಡೆಯವರು. ಅವರ ಊರಿಗೆ ರೈಲಿಲ್ಲ, ಬಬಲೇಶ್ವರಕ್ಕೂ ಇಲ್ಲ. ಹಿಂಗಾಗಿ ನಮ್ಮ ಕಡೆ ರೈಲ್ವೆ ನೌಕರಿ ಅಂದ್ರೆ ಟಿ.ಸಿ., ಸ್ಟೇಷನ್ ಮಾಸ್ತರ, ಇಲ್ಲಾಂದ್ರ ಗ್ಯಾಂಗ್‌ಮನ್. ಹಳಿ ಎಲ್ಲಿ ತಿರುಗಬೇಕು, ಎಷ್ಟು ತಿರುಗಬೇಕು ಅಂತ ಮೊದಲು ಕಾಗದದ ಮೇಲೆ ತೀರ್ಮಾನ ಮಾಡೋರು ಇರ್ತಾರೆ ಅನ್ನೋದು ಯಾರ ತಲೆಗೂ ಬರೋದಿಲ್ಲ.

ಆ ಕೆಲಸ ನಡೆದಿದ್ದು ಮಾತ್ರ ನಮ್ಮ ಕಣ್ಣ ಮುಂದೇನ. ಗದಗ–ಹೊಟಗಿ ಮಾರ್ಗ ಮೀಟರ್ ಗೇಜ್ ಇತ್ತು; 1676 ಮಿ.ಮೀ. ಅಗಲದ ಬ್ರಾಡ್ ಗೇಜ್ ಆಯಿತು. ಆಮೇಲೆ 284 ಕಿ.ಮೀ. ಜೋಡಿ ಹಳಿಯ ಯೋಜನೆ ಬಂತು. ಈ ಹಾದಿ ಡೋಣಿ ದಾಟಬೇಕು, ಆಲಮಟ್ಟಿ ಹತ್ತಿರ ಕೃಷ್ಣೆ ದಾಟಬೇಕು, ನಡುವೆ ಎರಿ ಭೂಮಿ. ಮಳೆ ಬಂದ್ರೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಗುವಷ್ಟು ಬಿರಿಯುತ್ತದೆ. ಅದರ ಮೇಲೆ ಹಳಿ ಅಲುಗದಂಗ ಕೂರಿಸೋದು ಹೆಂಗ? ನಾವು ಇದನ್ನ ಹತ್ತು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿದೆವು. ನಮ್ಮ ಇಂಡಸ್ಟ್ರಿಯಲ್ ವಿಸಿಟ್ ಗ್ರೂಪ್ ಫೋಟೋ, ಮಿರ್ಚಿ ಭಜಿಯಲ್ಲೇ ಮುಗೀತು.

ಒಂದು ಸಣ್ಣ ಉದಾಹರಣೆ. ಒಂದು ಡಿಗ್ರಿ ತಿರುವು ಅಂದ್ರೆ 1750 ಮೀಟರ್ ತ್ರಿಜ್ಯ. ಹೊರಗಿನ ಹಳಿಯ ಒಳಮುಖಕ್ಕೆ 20 ಮೀಟರ್ ದಾರ ಎಳೆದು ಹಿಡಿದರೆ, ನಡುವೆ ದಾರಕ್ಕೂ ಹಳಿಗೂ ಸುಮಾರು 29 ಮಿ.ಮೀ. ಅಂತರ ಬರಬೇಕು. ತಿರುವಿನುದ್ದಕ್ಕೂ ಅದು ಹೆಚ್ಚುಕಮ್ಮಿ ಆದ್ರೆ ಡಬ್ಬಿ ಎಳೆದಾಡುತ್ತದೆ, ನಿಮ್ಮ ಕೈಯಾನ ಚಹಾ ಚೆಲ್ಲುತ್ತದೆ. ಸೂತ್ರ ಪುಸ್ತಕದಾಗ ಐತಿ. ಅಳೆದ ಅಂಕಿ ನೋಡಿ ಹಳಿಯನ್ನ ಎಲ್ಲಿ ಎಷ್ಟು ಸರಿಸಬೇಕು ಅನ್ನೋದು, ಬಲ್ಲವರ ಪಕ್ಕದಲ್ಲಿ ಕೂತಾಗಲೇ ತಿಳಿಯೋದು.

ಅಪ್ರೆಂಟಿಸ್ ಕಾಯ್ದೆ 1961ರದು. 1973ರ ತಿದ್ದುಪಡಿಯಲ್ಲೇ ಪದವಿ, ಡಿಪ್ಲೊಮಾದವರಿಗೂ ಬಾಗಿಲು ತೆರೆದಿದೆ. ಆದರೆ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಅಪ್ರೆಂಟಿಸ್ ಕರೆದಾಗ ನಾವು ನೋಡೋದು ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್. ಎಸ್ಸೆಸ್ಸೆಲ್ಸಿ, ಐಟಿಐ ಅಂಕದ ಮೇಲೆ ಆಯ್ಕೆ. ಅದು ಬೇಕೇ ಬೇಕು, ತಕರಾರಿಲ್ಲ. ಇಂಗ್ಲೆಂಡಿನಲ್ಲಿ ರೈಲ್ವೆ ವಿನ್ಯಾಸದ ತಂತ್ರಜ್ಞರಿಗೆ ಅಂತಲೇ ಬೇರೆ ಅಪ್ರೆಂಟಿಸ್ ತರಬೇತಿ ಐತಿ: ಹಳಿ, ಸಿಗ್ನಲ್, ವಿದ್ಯುತ್ ತಂತಿ, ಎಲ್ಲದರ ನಕ್ಷೆ ಕೆಲಸ. ಅಂಥದ್ದು ಇಲ್ಲಿ ಯಾಕ ಬೇಡ? ಡಿಸೈನ್ ಆಫೀಸಿನಲ್ಲಿ ನಮಗೂ ಒಂದು ಕುರ್ಚಿ ಹಾಕ್ರಿ ಅನ್ನೋದಷ್ಟೇ ನನ್ನ ಮಾತು.

ಹಂಗಂತ ಮನೆಯವರ ಸಿಟ್ಟು ಪೂರ್ತಿ ತಪ್ಪಲ್ಲ. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9000, ಡಿಪ್ಲೊಮಾಕ್ಕೆ 8000 ರೂಪಾಯಿ ಇತ್ತು. ಹುಬ್ಬಳ್ಳಿಯಲ್ಲಿ ರೂಮು, ಮೆಸ್ಸು ಕಳೆದ್ರೆ ಉಳಿಯೋದೇನು? ಮುಗಿದ ಮೇಲೆ ನೌಕರಿ ಕೊಡಲೇಬೇಕು ಅಂತ ಕಾಯ್ದೆಯಲ್ಲಿಲ್ಲ. ರೈಲ್ವೆಯಲ್ಲಿ ತರಬೇತಿ ಪಡೆದವರಿಗೆ ಶೇ. 20 ಮೀಸಲು ಐತಿ, ಆದರೆ ಅದು ಲೆವೆಲ್-1 ಹುದ್ದೆಗೆ. ನಕ್ಷೆ ಕಲಿತಾಂವ ಅದನ್ನ ತಗೊಂಡು ಏನ್ ಮಾಡಬೇಕು? ಜೂನಿಯರ್ ಇಂಜಿನಿಯರ್ ಭರ್ತಿಯಲ್ಲಿ ಆ ವರ್ಷಕ್ಕೆ ಒಂದಿಷ್ಟು ಅಂಕ ಕೊಟ್ಟರೆ ನಮ್ಮ ಕಡೆಯ ಅಪ್ಪಂದಿರೂ ಒಪ್ಪಿಯಾರು.

ಆ ಸೀನಿಯರ್ ಕೊನೆಗೆ ಒಂದು ಡ್ರಾಯಿಂಗ್ ಆಫೀಸಿಗೆ ಹೋದರು. ಮೊದಲ ಮೂರು ತಿಂಗಳು ಹಳೇ ನಕ್ಷೆ ತಿದ್ದಿದ್ದೇ ಆಯ್ತು ಅಂತ ಬೇಸರ ಮಾಡ್ಕೊಂಡಿದ್ದರು. ಹೋದ ವಾರ ಫೋನ್ ಮಾಡಿ, ಒಂದು ಸಣ್ಣ ಸೇತುವೆಯ ಲೆವೆಲ್ ತಪ್ಪಾಗಿದ್ದನ್ನ ತಾನೇ ಹಿಡಿದೆ ಅಂತ ಅರ್ಧ ತಾಸು ಅದನ್ನೇ ಹೇಳಿದರು.

ಈ ವರ್ಷ ನಾನೂ ಅರ್ಜಿ ಹಾಕಾಂವ ಅದೀನಿ. ಅಪ್ಪಾಗ ಇನ್ನೂ ಹೇಳಿಲ್ಲ.