ಮನೆಯ ಆರೋಗ್ಯ: ಸ್ಟೆರಾಯ್ಡ್ ನುಂಗುವವರ ಒಣಕೆಮ್ಮು

ಸಂಧಿವಾತ, ಲೂಪಸ್, ಮೂತ್ರಪಿಂಡದ ಉರಿಯೂತ ಮುಂತಾದ ಕಾಯಿಲೆಗಳಿಗಾಗಿ ಪ್ರೆಡ್ನಿಸೊಲೋನ್ ಗುಳಿಗೆ ನುಂಗುವವರು ನಮ್ಮ ಬಳಗದ ಮನೆಗಳಲ್ಲೂ ಇದ್ದಾರೆ. ಈ ಜಾತಿಯ ಔಷಧದ ಉಪಕಾರ ಸಣ್ಣದಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ, ಕೀಲುಗಳು ಬಿಗಿದು ನಡೆಯಲಾರದೆ ಇದ್ದ ಸ್ತ್ರೀಯೊಬ್ಬಳು ಕಾರ್ಟಿಸೋನ್ ಚುಚ್ಚುಮದ್ದಿನಿಂದ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. ಇದನ್ನು ಸಾಧಿಸಿದ ಡಾಕ್ಟರ್ ಹೆಂಚ್ ಅವರಿಗೂ ಇನ್ನಿಬ್ಬರಿಗೂ 1950ರಲ್ಲಿ ನೊಬೆಲ್ ಬಹುಮಾನ ಸಂದಿತು. ಆದರೆ ಉರಿಯೂತವನ್ನು ತಣಿಸುವ ಔಷಧವೇ ದೇಹದ ಕಾವಲುಗಾರನಿಗೂ ಜೋಂಪು ಹತ್ತಿಸುತ್ತದೆ. ಆಗ ಹೊಂಚುಹಾಕಿ ಒಳನುಗ್ಗುವ ರೋಗವೊಂದರ ವಿಷಯ ಈ ಸಲ ಹೇಳುತ್ತೇವೆ.

ಅದು ನ್ಯುಮೋಸಿಸ್ಟಿಸ್ ನ್ಯುಮೋನಿಯಾ. ಅದನ್ನು ತರುವುದು ಕಣ್ಣಿಗೆ ಕಾಣದ ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಕುಲದ ಜೀವಿ. ಅದು ಗಾಳಿಯಿಂದ ಹರಡುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಎಳವೆಯಲ್ಲೇ ತಗಲಿರುತ್ತದೆ. ಗಟ್ಟಿಮುಟ್ಟಾದವರನ್ನು ಅದು ಕಾಡುವುದಿಲ್ಲ.

ಹಾಗಾದರೆ ಭಯ ಯಾರಿಗೆ? ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನನ್ನು ನಾಲ್ಕು ವಾರ ಮೀರಿ ತೆಗೆದುಕೊಳ್ಳುವವರಿಗೆ. ಅದರಲ್ಲೂ ಜೊತೆಗೆ ಸೈಕ್ಲೋಫಾಸ್ಫಮೈಡಿನಂಥ ಔಷಧ ಸೇರಿದವರಿಗೆ, ರಕ್ತದ ಕ್ಯಾನ್ಸರ್ ಇರುವವರಿಗೆ, ಅಂಗ ಕಸಿಯಾದವರಿಗೆ, ರಕ್ತದಲ್ಲಿ ಲಿಂಫೋಸೈಟ್ ಕಣಗಳು ಇಳಿದವರಿಗೆ. ವಯಸ್ಸಾದವರೂ ಮೊದಲೇ ಶ್ವಾಸಕೋಶ ಕೆಟ್ಟವರೂ ಹೆಚ್ಚು ಜಾಗ್ರತೆಯಿಂದಿರತಕ್ಕದ್ದು. ಆದರೂ 20ರ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲ. ಏಡ್ಸ್ ಇಲ್ಲದೆಯೇ ಈ ರೋಗ ಬಂದ 116 ಮಂದಿಯ ಲೆಕ್ಕವನ್ನು ಮೇಯೊ ಕ್ಲಿನಿಕ್ಕಿನವರು 1996ರಲ್ಲಿ ಪ್ರಕಟಿಸಿದರು. ಕಾಲುಭಾಗದವರು ನುಂಗುತ್ತಿದ್ದುದು ದಿನಕ್ಕೆ 16 ಮಿಲಿಗ್ರಾಮಿನಷ್ಟೇ.

ಲಕ್ಷಣಗಳು ಮೂರು: ಒಣಕೆಮ್ಮು, ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಸ್ಟೆರಾಯ್ಡ್ ಜ್ವರವನ್ನು ಮರೆಮಾಡಬಹುದು. ಮೊದಮೊದಲು ಎಕ್ಸ್‌ರೇ ಚಿತ್ರವೂ ಶುಭ್ರವಾಗಿರಬಹುದು. ಕಾಯಿಲೆ ತಗ್ಗಿತೆಂದು ಗುಳಿಗೆ ಇಳಿಸುತ್ತಿರುವಾಗಲೇ ಇದು ತಲೆಯೆತ್ತುವುದುಂಟು. ಏಡ್ಸ್ ರೋಗಿಗಳಲ್ಲಿ ವಾರಗಟ್ಟಲೆ ಹಿಡಿಯುವುದು ಇವರಲ್ಲಿ ಕೆಲವೇ ದಿನಗಳಲ್ಲಿ ವಿಷಮಿಸುತ್ತದೆ, ಪ್ರಾಣಹಾನಿಯೂ ಹೆಚ್ಚು.

ಸಂತೋಷದ ಮಾತೆಂದರೆ ಇದನ್ನು ತಡೆಯಬಹುದು. ಕೋಟ್ರೈಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಗುಳಿಗೆಯನ್ನು ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಕೊಟ್ಟು ನೋಡಿದ ಪರೀಕ್ಷೆ 1977ರಲ್ಲಿ ಪ್ರಕಟವಾಯಿತು. ಔಷಧ ಪಡೆದ 80 ಮಕ್ಕಳಲ್ಲಿ ಒಂದಕ್ಕೂ ರೋಗ ತಗಲಲಿಲ್ಲ. ಪಡೆಯದ 80ರಲ್ಲಿ 17 ಮಕ್ಕಳಿಗೆ ತಗಲಿತು. ಆದರೆ ಸಲ್ಫಾ ಒಗ್ಗದವರಿಗೂ ಮೂತ್ರಪಿಂಡ ದುರ್ಬಲವಾದವರಿಗೂ ಇದರಿಂದ ತೊಂದರೆಯಾಗಬಹುದಾದ್ದರಿಂದ ವೈದ್ಯರೇ ನಿರ್ಧರಿಸಬೇಕು. "ನನಗೆ ಆ ಗುಳಿಗೆ ಬೇಕೇ?" ಎಂದು ನೀವಾಗಿ ಕೇಳಿ.

ಹೊರನಾಡಿನ ನಮಗೆ ಇನ್ನೊಂದು ತೊಡಕಿದೆ. ವರ್ಗವಾಗಿ ಪುಣೆಯಿಂದ ಚೆನ್ನೈಗೆ ಬಂದರೆ ವೈದ್ಯರು ಬದಲಾಗುತ್ತಾರೆ, ಹಳೆಯ ಕಾಗದಪತ್ರ ಪೆಟ್ಟಿಗೆಯ ತಳ ಸೇರುತ್ತದೆ, ಹಳೆಯ ಚೀಟಿಯ ಮೇಲೆ ಗುಳಿಗೆ ಕೊಳ್ಳುವುದು ಮಾತ್ರ ನಡೆದೇ ಇರುತ್ತದೆ. ಆದಕಾರಣ ಔಷಧದ ಹೆಸರು, ಪ್ರಮಾಣ, ಆರಂಭಿಸಿದ ತಾರೀಖು ಬರೆದ ಚೀಟಿಯೊಂದು ಸದಾ ಜೊತೆಗಿರಲಿ. ಹೆದರಿ ಸ್ಟೆರಾಯ್ಡನ್ನು ತಟ್ಟನೆ ನಿಲ್ಲಿಸಕೂಡದು, ಅದರಿಂದಲೂ ಪ್ರಾಣಾಪಾಯವಿದೆ.

ಇಂಥವರಿಗೆ ಒಣಕೆಮ್ಮು ಹತ್ತಿದರೆ "ಊರು ಬದಲಾಯಿತು, ನೀರು ಒಗ್ಗಲಿಲ್ಲ" ಎಂದು ಶುಂಠಿ ಕಷಾಯ ಕಾಯಿಸುತ್ತ ನಾಲ್ಕು ದಿನ ಕಳೆಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, ಕೆಮ್ಮಿನ ಮಾತಿಗೂ ಮುಂಚೆ ಸ್ಟೆರಾಯ್ಡಿನ ಮಾತನ್ನು ಹೇಳಿ.