ಕ್ಯಾನ್ಸರ್ ರೋಗಿಯ ಮನಸ್ಸನ್ನು ವಿಚಾರಿಸುವವರಾರು?

ಕ್ಯಾನ್ಸರ್ ದೇಹದಲ್ಲಿ ಎಲ್ಲೆಲ್ಲಿ ವ್ಯಾಪಿಸಿದೆಯೆಂಬುದನ್ನು ತಿಳಿಯುವುದಕ್ಕಾಗಿ ಮಾಡತಕ್ಕ ಪೆಟ್ ಸ್ಕ್ಯಾನಿನಲ್ಲಿ, ಉಪವಾಸವಿದ್ದು ಬಂದ ರೋಗಿಯ ರಕ್ತನಾಳಕ್ಕೆ ವಿಕಿರಣಶೀಲ ಫ್ಲೋರಿನ್ ಬೆಸೆದ ಗ್ಲೂಕೋಸಿನಂಥ ದ್ರವ್ಯವನ್ನು ಚುಚ್ಚಿ, ಮಂದ ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ ಅಲುಗಾಟವಿಲ್ಲದೆ ಸುಮಾರು ಒಂದು ಗಂಟೆಯ ಕಾಲ ಮಲಗಿಸಿ, ಅನಂತರವೇ ಯಂತ್ರದೊಳಕ್ಕೆ ಸಾಗಿಸುತ್ತಾರೆ. ಸಕ್ಕರೆಯನ್ನು ಅತಿಯಾಗಿ ಹೀರುವ ಗಡ್ಡೆ ಚಿತ್ರದಲ್ಲಿ ಉಜ್ಜ್ವಲವಾಗಿ ಕಾಣುತ್ತದೆ. ಆದರೆ ದೇಹದ ತೂಕದಲ್ಲಿ ನೂರಕ್ಕೆ 2 ಪಾಲಷ್ಟೇ ಇದ್ದು ಅದರ ಶಕ್ತಿಯಲ್ಲಿ ನೂರಕ್ಕೆ 20 ಪಾಲನ್ನು ವ್ಯಯಿಸುವ ಮಿದುಳೂ ಅದೇ ದ್ರವ್ಯವನ್ನು ಹೀರುವುದರಿಂದ, ತಲೆಯನ್ನೂ ಸೇರಿಸಿ ಚಿತ್ರ ತೆಗೆದ ಸಂದರ್ಭಗಳಲ್ಲಿ, ಗಡ್ಡೆಗಾಗಿ ನಡೆದ ಪರೀಕ್ಷೆ ಮಿದುಳಿನ ವ್ಯಾಪಾರವನ್ನೂ ತೋರಿಸಿಬಿಡುತ್ತದೆ. ಈ ದ್ರವ್ಯವನ್ನು ಮನುಷ್ಯನಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಅಂದಿನ ಉದ್ದೇಶ ಮಿದುಳನ್ನು ನೋಡುವುದೇ ಆಗಿದ್ದಿತು. ಗಡ್ಡೆಯನ್ನು ಹುಡುಕುವ ಕೆಲಸ ಅದಕ್ಕೆ ಆಮೇಲೆ ಒದಗಿದ್ದು.

ಈ ಶತಮಾನದ ಆರಂಭದ ಹೊತ್ತಿಗೆ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ವೈದ್ಯರು ಇಂಥ ಚಿತ್ರಗಳನ್ನು ಪರಿಶೀಲಿಸಿ, ಕ್ಯಾನ್ಸರ್ ರೋಗಿಗಳ ಖಿನ್ನತೆಯ ಪ್ರಮಾಣಕ್ಕೂ ಮಿದುಳಿನ ಕೆಲವು ಭಾಗಗಳ ಗ್ಲೂಕೋಸ್ ಬಳಕೆಗೂ ಸಂಬಂಧವುಂಟೆಂದು ತೋರಿಸಿದರು. ಅಂದಿನಿಂದ ಈ ಜಾಡಿನಲ್ಲಿ ನಡೆದವರು ಕೇಳುತ್ತಿರುವ ಪ್ರಶ್ನೆಗಳಲ್ಲಿ ಒಂದು, ಹೆಣ್ಣಿನ ಖಿನ್ನತೆಯೂ ಗಂಡಿನ ಖಿನ್ನತೆಯೂ ಮಿದುಳಿನಲ್ಲಿ ಒಂದೇ ಬಗೆಯಾಗಿ ತೋರುತ್ತವೆಯೆ ಎಂಬುದು. ಪ್ರಶ್ನೆ ಯೋಗ್ಯವಾದುದು. ಆದರೆ ಉತ್ತರವನ್ನು ಓದುವವರಲ್ಲಿ ಎಚ್ಚರ ಬೇಕು. ಈ ಚಿತ್ರಗಳು ಹೇಳುವುದು ಅನೇಕರ ಸರಾಸರಿಯನ್ನು. ವಯಸ್ಸು, ರಕ್ತದ ಸಕ್ಕರೆ, ಕೀಮೋಥೆರಪಿ, ಸ್ಟೀರಾಯ್ಡು, ಇವೆಲ್ಲವೂ ಅದರಲ್ಲಿ ಬೆರೆತಿರುತ್ತವೆ. ಹೀಗಿರುವಲ್ಲಿ ಎರಡು ಸರಾಸರಿಗಳ ನಡುವಣ ಅಂತರವನ್ನು ಹಿಡಿದುಕೊಂಡು ಹೆಣ್ಣಿನ ಮಿದುಳೇ ದುರ್ಬಲವೆಂದೋ, ಗಂಡಿನದು ಸಹಿಷ್ಣುವೆಂದೋ ತೀರ್ಮಾನಿಸುವುದು ವಿಜ್ಞಾನಕ್ಕೂ ರೋಗಿಗೂ ಬಗೆದ ಅಪಚಾರವೆಂದೇ ನಾನು ತಿಳಿಯುತ್ತೇನೆ.

ಸಾಮಾನ್ಯ ಜನರಲ್ಲಿ ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂಬುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಕ್ಯಾನ್ಸರ್ ರೋಗಿಗಳ ವಿಷಯಕ್ಕೆ ಬಂದಾಗ ಲೆಕ್ಕ ಅಷ್ಟು ನೇರವಾಗಿಲ್ಲ. ಕೆನಡಾದಲ್ಲಿ ಹತ್ತು ಸಾವಿರಕ್ಕೂ ಮೀರಿದ ರೋಗಿಗಳಿಗೆ ಪ್ರಶ್ನಾವಳಿ ಕೊಟ್ಟು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಬಗೆಯ ಕ್ಯಾನ್ಸರುಗಳಲ್ಲಿ ಹೆಂಗಸರ ಖಿನ್ನತೆ ಮತ್ತು ಆತಂಕದ ಪ್ರಮಾಣ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಕಂಡಿತು. ಅದಕ್ಕೆ ಒಂದು ವರ್ಷ ಮೊದಲು, ರೋಗಿಯೊಡನೆ ಎದುರು ಕುಳಿತು ಸಂದರ್ಶನ ನಡೆಸಿದ ಅಧ್ಯಯನಗಳನ್ನು ಮಾತ್ರ ಒಟ್ಟುಗೂಡಿಸಿ ಬ್ರಿಟನ್ನಿನ ಮನೋವೈದ್ಯ ಅಲೆಕ್ಸ್ ಮಿಚೆಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಸುಮಾರು ಆರು ಮಂದಿಯಲ್ಲಿ ಒಬ್ಬರಿಗೆ ಖಿನ್ನತೆಯಿರುವುದು ಕಂಡಿತಾದರೂ ಹೆಣ್ಣು ಗಂಡೆಂಬ ವ್ಯತ್ಯಾಸ ಸ್ಥಿರವಾಗಿ ತೋರಿಬರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನ್ನ ಮನಸ್ಸಿಗೆ ಬರುವುದು ಇಷ್ಟು: ನಾವು ಎಣಿಸುತ್ತಿರುವುದು ಖಿನ್ನತೆಯೊಂದನ್ನೇ ಅಲ್ಲ, ಖಿನ್ನತೆಯನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ ಅದರೊಡನೆ ಎಣಿಸುತ್ತಿದ್ದೇವೆ.

ಯಾವುದಾದರೂ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕುಳಿತಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ಬಾಯಿಯ ಶಸ್ತ್ರಚಿಕಿತ್ಸೆಯಾದ ಐವತ್ತರ ಗಂಡಸು, ಮುಖದ ಅರ್ಧವನ್ನು ಟವೆಲಿನಿಂದ ಮರೆಮಾಡಿಕೊಂಡವನು, ವೈದ್ಯರು ಹೇಗಿದ್ದೀರೆಂದಾಗ ಕೈಯಾಡಿಸಿ ಪರವಾಗಿಲ್ಲವೆನ್ನುತ್ತಾನೆ. ಹಿಂದೆ ನಿಂತ ಹೆಂಡತಿ, ‘ರಾತ್ರಿಯೆಲ್ಲಾ ಕೂತೇ ಇರ್ತಾರೆ ಸಾರ್, ಮಾತಾಡಿಸಿದ್ರೆ ಸಿಡುಕ್ತಾರೆ’ ಎಂದು ಹೇಳತೊಡಗಿದರೆ ಅವಳ ಕಡೆಗೆ ಒಂದು ನೋಟ ಬೀಳುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಸರದಿ ಸ್ತನದ ಶಸ್ತ್ರಚಿಕಿತ್ಸೆಯಾದ ತಾಯಿಯದು. ಅವಳನ್ನು ಕೇಳಿದ ಪ್ರಶ್ನೆಗೆ, ಫೈಲು ಹಿಡಿದ ಮಗನೇ, ‘ಅಮ್ಮ ಚೆನ್ನಾಗಿದಾರೆ, ಊಟ ಒಂದು ಸ್ವಲ್ಪ ಕಮ್ಮಿ’ ಎಂದು ಉತ್ತರ ಕೊಟ್ಟುಬಿಡುತ್ತಾನೆ. ಇಬ್ಬರಲ್ಲಿ ಯಾರ ಮನಸ್ಸೂ ಯಾವ ಕಾಗದದ ಮೇಲೂ ದಾಖಲಾಗುವುದಿಲ್ಲ.

ಗಂಡಸಿನ ವಿಷಾದ ಅಳುವಾಗಿ ಹೊರಬೀಳುವುದು ಕಡಮೆ. ಸಿಡುಕಾಗಿ, ಕುಡಿತವಾಗಿ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಹೊರಟುಹೋಗುವ ಹಠವಾಗಿ ಅದು ಹೊರಬೀಳುತ್ತದೆ. ಇದನ್ನು ಸ್ವಭಾವದೋಷವೆಂದು ಬಗೆದು ಸುಮ್ಮನಾಗುವ ನಾವು, ಅಮೆರಿಕದ ಕ್ಯಾನ್ಸರ್ ರೋಗಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಇಮ್ಮಡಿಯೆಂದೂ, ಅದರಲ್ಲಿಯೂ ಗಂಡಸರಲ್ಲಿ ಹೆಚ್ಚೆಂದೂ 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದುದನ್ನು ಗಮನಿಸಬೇಕು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಪುರುಷ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆ ಪಡೆಯುವವರಲ್ಲಿ ಉತ್ಸಾಹ ಕುಗ್ಗುವುದಕ್ಕೆ ಚಿಕಿತ್ಸೆಯೇ ಒಂದು ಕಾರಣವಾಗಬಲ್ಲುದೆಂದು ಎಷ್ಟು ಜನ ರೋಗಿಗಳಿಗೆ ಮೊದಲೇ ತಿಳಿಸಲಾಗುತ್ತದೆ?

ಹೆಣ್ಣಿನ ವಿಷಯದಲ್ಲಿ ಅನ್ಯಾಯ ಬೇರೊಂದು ಬಗೆಯದು. ಅವಳ ಕಣ್ಣೀರು ಎಲ್ಲರಿಗೂ ಕಾಣುತ್ತದೆ. ಕಾಣುವುದರಿಂದಲೇ ಅದು ಸಹಜವೆನಿಸಿಕೊಂಡು ಚಿಕಿತ್ಸೆಗೆ ಅರ್ಹವಲ್ಲವೆನಿಸುತ್ತದೆ. ಕೀಮೋಥೆರಪಿಯಿಂದಲೋ ಅಂಡಾಶಯವನ್ನು ತೆಗೆದುದರಿಂದಲೋ ನಲವತ್ತರ ಒಳಗೇ ಮುಟ್ಟು ನಿಂತು, ಮೈಯೆಲ್ಲ ಬಿಸಿಯೇರಿ, ನಿದ್ರೆ ತಪ್ಪಿದವಳಿಗೆ ದೇವರ ಮೇಲೆ ಭಾರ ಹಾಕೆಂಬ ಉಪದೇಶ ಸಿಗುತ್ತದೆ. ಅಮೆರಿಕದಲ್ಲಿ ಮಿದುಳಿನ ಗಡ್ಡೆ, ಇತರ ಕ್ಯಾನ್ಸರ್ ಹಾಗೂ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇದ್ದ 515 ಮಂದಿಯನ್ನು ಗಮನಿಸಿದ ಅಧ್ಯಯನವೊಂದರಲ್ಲಿ, ರೋಗಿ ಹೆಂಡತಿಯಾಗಿದ್ದಾಗ ನೂರಕ್ಕೆ 20.8 ದಾಂಪತ್ಯಗಳೂ, ರೋಗಿ ಗಂಡನಾಗಿದ್ದಾಗ ನೂರಕ್ಕೆ 2.9 ದಾಂಪತ್ಯಗಳೂ ಮುರಿದುಬಿದ್ದವು. ನಮ್ಮಲ್ಲಿ ನ್ಯಾಯಾಲಯದವರೆಗೆ ಹೋಗದೆ ತವರಿಗೆ ಕಳಿಸಿಬಿಡುವ ರೂಢಿಯಿದೆ. ಅದು ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಇಂಥ ಸ್ತ್ರೀಯ ಮಿದುಳಿನ ಚಿತ್ರದಲ್ಲಿ ಕಾಣುವ ವ್ಯತ್ಯಾಸಕ್ಕೆ ಅವಳ ಜನ್ಮವನ್ನಷ್ಟೇ ಹೊಣೆಮಾಡಿ, ಅವಳು ಬಾಳಿದ ಮನೆಯನ್ನು ಬಿಟ್ಟುಬಿಡುವುದು ಹೇಗೆ?

ಔಷಧದಲ್ಲಿಯೂ ಸ್ತ್ರೀಪುರುಷ ಭೇದವನ್ನು ಅರಿತು ನಡೆಯಬೇಕಾದ ಎಡೆಯುಂಟು. ಸ್ತನ ಕ್ಯಾನ್ಸರಿಗೆ ವರ್ಷಗಟ್ಟಲೆ ಸೇವಿಸುವ ಟಮಾಕ್ಸಿಫೆನ್ ಯಕೃತ್ತಿನ ಒಂದು ಕಿಣ್ವದಿಂದ ಮಾರ್ಪಟ್ಟ ಮೇಲೆಯೇ ಪೂರ್ಣ ಬಲ ಪಡೆಯುತ್ತದೆ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಮೊದಲಾದ ಮಾತ್ರೆಗಳು ಆ ಕಿಣ್ವವನ್ನೇ ತಡೆಯುತ್ತವೆ. ಆದಕಾರಣ ಮನಸ್ಸಿನ ವೈದ್ಯರೂ ಗಡ್ಡೆಯ ವೈದ್ಯರೂ ಪರಸ್ಪರ ಮಾತಾಡದೆ ಬರೆದ ಎರಡು ಚೀಟಿಗಳಲ್ಲಿ ಒಂದು ಇನ್ನೊಂದನ್ನು ಕೆಡಿಸಬಹುದು. ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನೋದಿ ತಾವಾಗಿಯೇ ನಿಲ್ಲಿಸಬಾರದು. ಬದಲಿ ಮಾತ್ರೆಗಳುಂಟು, ವೈದ್ಯರನ್ನು ಕೇಳತಕ್ಕದ್ದು.

ಹಾಗಾದರೆ ಆಗಬೇಕಾದದ್ದೇನು? ಖಿನ್ನತೆಯನ್ನು ಗುರುತಿಸಲು ಪ್ರತಿಯೊಬ್ಬರ ಮಿದುಳಿನ ಚಿತ್ರ ತೆಗೆಯಬೇಕಾಗಿಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದ ಮನೋವೈದ್ಯರಾದ ಜಿಗ್ಮಂಡ್ ಮತ್ತು ಸ್ನೇತ್ 1983ರಲ್ಲಿಯೇ, ಸುಸ್ತು, ಹಸಿವಿಲ್ಲದಿರುವುದು ಮೊದಲಾದ ದೈಹಿಕ ಲಕ್ಷಣಗಳು ರೋಗದಿಂದಲೂ ಬರುತ್ತವೆಂದು ಅವನ್ನು ಕೈಬಿಟ್ಟು, 14 ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದ್ದರು. ಸ್ಕಾಟ್ಲೆಂಡಿನಲ್ಲಿ 21,000ಕ್ಕೂ ಮೀರಿದ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿದಾಗ, ತೀವ್ರ ಖಿನ್ನತೆಯಿದ್ದವರಲ್ಲಿ ನೂರಕ್ಕೆ 73 ಮಂದಿಗೆ ಪರಿಣಾಮಕಾರಿಯಾಗಬಲ್ಲ ಚಿಕಿತ್ಸೆ ದೊರೆತಿರಲಿಲ್ಲವೆಂಬುದು 2014ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅದೇ ದೇಶದವರು, ತರಬೇತಿ ಪಡೆದ ಕ್ಯಾನ್ಸರ್ ದಾದಿಯರು ಮನೋವೈದ್ಯರ ಮಾರ್ಗದರ್ಶನದಲ್ಲಿ ಶುಶ್ರೂಷೆ ನಡೆಸಿದಾಗ ನೂರಕ್ಕೆ 62 ಮಂದಿಯ ಖಿನ್ನತೆ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯಿತೆಂದೂ, ಎಂದಿನಂತೆ ಬಿಟ್ಟವರಲ್ಲಿ ಅದು ನೂರಕ್ಕೆ 17 ಮಂದಿಗೆ ಮಾತ್ರ ಆಯಿತೆಂದೂ ತೋರಿಸಿಕೊಟ್ಟರು.

ಬೆಂಗಳೂರಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆಯೂ ಮನೋರೋಗ ಚಿಕಿತ್ಸೆಯ ನಿಮ್ಹಾನ್ಸೂ ನೆರೆಹೊರೆಯಲ್ಲಿಯೇ ಇವೆ. ಕ್ಯಾನ್ಸರ್ ರೋಗಿಗಳ ಮನಃಸ್ಥಿತಿಯನ್ನು ಕುರಿತು ನಿಮ್ಹಾನ್ಸಿನ ವೈದ್ಯರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಇಷ್ಟು ವಿದ್ಯೆ ಕೈಗೆಟಕುವಂತಿರುವ ರಾಜ್ಯದಲ್ಲಿ, ಕ್ಯಾನ್ಸರ್ ಚಿಕಿತ್ಸೆ ನಡೆಯುವ ಪ್ರತಿಯೊಂದು ಸರ್ಕಾರಿ ಆಸ್ಪತ್ರೆಗೂ ಇಂಥ ತರಬೇತಿ ಪಡೆದ ದಾದಿಯರ ಹುದ್ದೆಗಳನ್ನು ಮಂಜೂರು ಮಾಡಬೇಕು. ಅವರು, ಮಗನನ್ನೂ ಗಂಡನನ್ನೂ ಹೆಂಡತಿಯನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ರೋಗಿ ಒಬ್ಬರೇ ಇರುವಾಗ ವಿಚಾರಿಸಬೇಕು. ಗಂಡಸಿಗೆ ದುಃಖವಿದೆಯೆ ಎಂದು ಕೇಳಿದರೆ ಇಲ್ಲವೆಂದೇ ಬರುವುದರಿಂದ, ನಿದ್ದೆ ಹೇಗಿದೆ, ಯಾರ ಮೇಲೆ ಕೋಪ ಬರುತ್ತಿದೆ, ಕುಡಿತ ಹೆಚ್ಚಿದೆಯೆ ಎಂದು ಅವನಿಂದ ತಿಳಿಯಬೇಕು. ಹೆಂಗಸನ್ನು ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದಾರೆ, ಮುಂದಿನ ಸಲ ಆಸ್ಪತ್ರೆಗೆ ಜೊತೆಗೆ ಬರುವವರು ಯಾರು ಎಂಬಲ್ಲಿಂದ ಮಾತಿಗೆಳೆಯಬೇಕು.