ಲಾಯಕ್ಕೆ ಮೊದಲು ವೈದ್ಯರು ಬರಲಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು ನಗರ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ,

ಮಾನ್ಯರೇ,

ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷತೆಯೂ ತಮ್ಮ ಹೆಗಲ ಮೇಲಿರುವುದರಿಂದ ಈ ಪತ್ರವನ್ನು ಪಶುಪಾಲನಾ ಇಲಾಖೆಗಾಗಲಿ ಪೊಲೀಸರಿಗಾಗಲಿ ಬರೆಯದೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಿಂದ ಮಕ್ಕಳನ್ನು ಭಾನುವಾರದ ಬೆಳಿಗ್ಗೆ ಕುದುರೆ ಸವಾರಿ ಕಲಿಯಲು ಕರೆದೊಯ್ಯುವುದು ಈಗ ಶ್ರೀಮಂತರಿಗೆ ಮಾತ್ರ ಸೇರಿದ ಮಾತಾಗಿ ಉಳಿದಿಲ್ಲ. ಅಂಥ ಜಾಗದಲ್ಲಿ ಒಬ್ಬ ತಾಯಿಗೋ ತಂದೆಗೋ ಕುದುರೆಯ ಪಕ್ಕೆಲುಬು ಎಣಿಸುವಷ್ಟು ಎದ್ದು ಕಂಡಿತು ಎನ್ನಿ. ಯಾರಿಗೆ ಹೇಳಬೇಕು? 112ಕ್ಕೆ ಕರೆ ಮಾಡಿದರೆ ಪೊಲೀಸರು ಸಿಗುತ್ತಾರೆ. 1962ಕ್ಕೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದವರು ಸಿಗುತ್ತಾರೆ. ಆದರೆ ಅದು ತಮ್ಮ ಹಸುವಿಗೋ ಎಮ್ಮೆಗೋ ಚಿಕಿತ್ಸೆ ಬೇಕೆಂದು ಸಾಕಿದವರೇ ಕರೆಯಲೆಂದು ಇರುವ ಸೇವೆ. ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ಆಸ್ಪತ್ರೆಯಿದೆ, ಅದು ಗಾಯಗೊಂಡ ಹದ್ದು, ಹಾವು, ಕೋತಿಗಳಿಗೆ. ಫೋನ್ ನಂಬರುಗಳಿಗೆ ನಮ್ಮಲ್ಲಿ ಬರವಿಲ್ಲ. ದೂರು ಕೊಟ್ಟ ಮೇಲೆ ಎಷ್ಟು ದಿನದೊಳಗೆ ಯಾರು ಲಾಯದೊಳಗೆ ಕಾಲಿಡಬೇಕು, ನೋಡಿದ್ದನ್ನು ಯಾವ ಕಾಗದದಲ್ಲಿ ಬರೆಯಬೇಕು ಎಂಬುದನ್ನು ಮಾತ್ರ ಕಾಯ್ದೆ ಹೇಳುವುದಿಲ್ಲ. ಅದನ್ನು ತಾವು ನಿಗದಿಮಾಡಬಹುದು, ಮಾಡಬೇಕು ಎಂಬುದು ನನ್ನ ವಾದ.

ಮೊದಲು ಕಾಯ್ದೆಯ ಸ್ಥಿತಿ ನೋಡೋಣ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ರೋಗ, ಗಾಯ, ಹುಣ್ಣು, ಮುಪ್ಪಿನಿಂದ ಕೆಲಸಕ್ಕೆ ಬಾರದ ಪ್ರಾಣಿಯನ್ನು ದುಡಿಸುವುದೂ ಅಪರಾಧ. ಆದರೆ ಅದೇ ಕಾಯ್ದೆಯ 31ನೇ ಸೆಕ್ಷನ್ ಪ್ರಾಣಿಯನ್ನು ಅಂಗಹೀನ ಮಾಡಿದರೆ, ಕ್ರೂರವಾಗಿ ಕೊಂದರೆ, ಪ್ರಾಣಿಗಳ ಕಾಳಗ ಏರ್ಪಡಿಸಿದರೆ ಅದನ್ನು ಸಂಜ್ಞೇಯ ಅಪರಾಧವೆಂದು ಎಣಿಸುತ್ತದೆ; ಉಪವಾಸ ಕೆಡವಿದರೆ ಎಣಿಸುವುದಿಲ್ಲ. ಅಂದರೆ ಮೇವು ನೀರಿಲ್ಲದೆ ಸೊರಗಿದ ಕುದುರೆಯ ದೂರು ಹೊತ್ತು ಠಾಣೆಗೆ ಹೋದವರಿಗೆ ಸಿಗುವುದು ಒಂದು ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಅಪ್ಪಣೆ ಸಿಕ್ಕಿ, ಮೊಕದ್ದಮೆ ನಡೆದು, ತಪ್ಪು ಸಾಬೀತಾದರೂ ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಂದು ಹೊರೆ ಹುಲ್ಲಿನ ಬೆಲೆಯೂ ಅದಲ್ಲ. ಇದರ ಮೇಲೆ 36ನೇ ಸೆಕ್ಷನ್ ಬೇರೆ ಇದೆ: ಅಪರಾಧ ನಡೆದು ಮೂರು ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತೆಯೇ ಇಲ್ಲ. ಪೊಲೀಸರು ಮೈಗಳ್ಳರು ಎಂದು ಇಲ್ಲಿ ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಕೈಗೆ ಕೊಟ್ಟಿರುವ ಹತಾರವೇ ಅಷ್ಟು ಮೊಂಡು.

ನಿರ್ಲಕ್ಷ್ಯದ ಸ್ವಭಾವಕ್ಕೂ ಈ ಕಾಯ್ದೆಯ ನಡೆಗೂ ತಾಳೆಯಾಗುವುದಿಲ್ಲ. ಚಾವಟಿಯ ಏಟಿಗೆ ಒಂದು ದಿನ, ಒಂದು ಗಳಿಗೆ, ಒಬ್ಬ ಸಾಕ್ಷಿ ಇರುತ್ತಾರೆ. ಕುದುರೆ ಸೊರಗುವುದಕ್ಕೆ ಅಂಥ ಗಳಿಗೆಯಿಲ್ಲ, ವಾರಗಟ್ಟಲೆ ಹಿಡಿಯುತ್ತದೆ. ಹೀಗಾಗಿ ಅದರ ಸಾಕ್ಷ್ಯವೆಲ್ಲ ಪ್ರಾಣಿಯ ಮೈಮೇಲೆಯೇ ಇರುತ್ತದೆ, ಅದನ್ನು ಓದಬಲ್ಲವರು ಹತ್ತಿರ ಹೋಗಿ ನೋಡಬೇಕು. ಓದುವ ಕ್ರಮವೂ ಹೊಸದೇನಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಡಾನ್ ಹೆನೆಕಿ ಎಂಬವರು 1983ರಲ್ಲಿ ರೂಪಿಸಿದ 1ರಿಂದ 9ರವರೆಗಿನ ಅಳತೆಯನ್ನು ಜಗತ್ತಿನಾದ್ಯಂತ ಪಶುವೈದ್ಯರು ಬಳಸುತ್ತಾರೆ. ಕುತ್ತಿಗೆ, ಭುಜದ ಹಿಂಭಾಗ, ಪಕ್ಕೆಲುಬು, ಬೆನ್ನು, ಬಾಲದ ಬುಡ ಇಷ್ಟನ್ನು ಕಣ್ಣಿಂದ ನೋಡಿ, ಕೈಯಿಂದ ಒತ್ತಿ ಅಂಕ ಹಾಕುತ್ತಾರೆ. 1 ಎಂದರೆ ಎಲುಬಿನ ಹಂದರ, 5 ಎಂದರೆ ಹದವಾದ ಮೈ. ಸವಾರಿಗೆ ಬಂದವರಿಗೂ ಮುಟ್ಟದೆಯೇ ಒಂದಷ್ಟು ಕಾಣುತ್ತದೆ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಲಾಳ ಬದಲಿಸದಿದ್ದರೆ ಅದರ ಮುಂಭಾಗ ಉದ್ದವಾಗಿ ಚಾಚಿ, ಅಂಚು ಸೀಳಿ, ಕುದುರೆ ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯುತ್ತದೆ. ಜೀನು ಬಿಗಿಯುವ ಪಟ್ಟಿ ಹಾಯುವಲ್ಲಿ, ಮುಂಗಾಲಿನ ಸಂದಿಯ ಹಿಂದೆ, ಕೂದಲು ಉದುರಿದ ಬೋಳು ತೇಪೆ ಇದ್ದರೆ, ಅದರ ನಡುವೆ ಹಸಿ ಕೆಂಪು ಕಂಡರೆ, ಹುಣ್ಣಿನ ಮೇಲೆಯೇ ಜೀನು ಹಾಕುತ್ತಿದ್ದಾರೆ ಎಂದರ್ಥ. ನೀರಿನ ತೊಟ್ಟಿಯ ತಳದಲ್ಲಿ ಪಾಚಿ ಒಣಗಿ ಹಪ್ಪಳವಾಗಿದ್ದರೆ ಯಾವ ವೈದ್ಯರೂ ಬೇಕಿಲ್ಲ. ದಿನಕ್ಕೆ 25ರಿಂದ 45 ಲೀಟರ್ ನೀರು ಬೇಕಾದ ಪ್ರಾಣಿ ಅದು.

ಸರ್ಕಾರಕ್ಕೆ ಕುದುರೆಯ ವಿಷಯದಲ್ಲಿ ಚುರುಕಾಗುವುದು ಗೊತ್ತಿಲ್ಲವೆಂದಲ್ಲ. 2025ರ ಜುಲೈನಲ್ಲಿ ಡಿ.ಜೆ. ಹಳ್ಳಿಯ ಕುದುರೆಯೊಂದಕ್ಕೆ ಗ್ಲ್ಯಾಂಡರ್ಸ್ ರೋಗ ಇರುವುದು ದೃಢಪಟ್ಟಾಗ ಸುತ್ತಲಿನ ಪ್ರದೇಶವನ್ನು ಸೋಂಕಿತ ವಲಯವೆಂದು ಘೋಷಿಸಿ, ಕುದುರೆ, ಕತ್ತೆ, ಹೇಸರಗತ್ತೆಗಳ ಸಾಗಾಟಕ್ಕೆ ತಡೆ ಹಾಕಲಾಯಿತು. ಅದು ಮನುಷ್ಯರಿಗೂ ಅಂಟುವ, ಪ್ರಾಣ ತೆಗೆಯುವ ರೋಗ; ಎಚ್ಚರ ತಪ್ಪಲಿಲ್ಲ ಎಂಬುದು ಒಳ್ಳೆಯದೇ. ಆದರೆ ಯಾವ ಲಾಯದಲ್ಲಿ ಎಷ್ಟು ಕುದುರೆ ಇವೆ, ಅವಕ್ಕೆ ಕೊನೆಯ ರಕ್ತಪರೀಕ್ಷೆ ಯಾವಾಗ ಆಯಿತು ಎಂಬ ಪಟ್ಟಿ ರೋಗ ಬಂದ ಮೇಲೆ ಹುಡುಕುವ ಪಟ್ಟಿ ಆಗಬಾರದು. 2009ರ ಸೋಂಕುರೋಗ ನಿಯಂತ್ರಣ ಕಾಯ್ದೆ ರೋಗದ ಅನುಮಾನ ಬಂದ ಪ್ರಾಣಿಯ ಬಗ್ಗೆ ತಿಳಿಸುವ ಹೊಣೆಯನ್ನು ಸಾಕಿದವರ ಮೇಲೆ ಹೊರಿಸುತ್ತದೆ. ಮೇವಿಗೇ ದುಡ್ಡು ಬಿಚ್ಚದ ಲಾಯದ ಯಜಮಾನ ಮೂಗು ಸೋರುವ ಕುದುರೆಯನ್ನು ತಾನೇ ಮುಂದೆ ಬಂದು ತೋರಿಸುತ್ತಾನೆಂದು ನಂಬಿಕೊಂಡು ಕೂರುವ ಧೈರ್ಯ ನನಗಿಲ್ಲ. ಸೊರಗಿದ ಕುದುರೆಯ ಬಗ್ಗೆ ಹೊರಗಿನವರು ಕೊಡುವ ದೂರನ್ನು ರೋಗದ ಮೇಲಿನ ಕಾವಲಿನ ಭಾಗವಾಗಿಯೂ ನೋಡಬೇಕು.

ಇನ್ನೊಂದು ಕೊರತೆ ಇದೆ, ಅದು ದೆಹಲಿಯ ಮಟ್ಟದ್ದು. ನಾಯಿ ತಳಿ ಬೆಳೆಸುವವರಿಗೆ 2017ರ ನಿಯಮಗಳಿವೆ, ಸಾಕುಪ್ರಾಣಿ ಮಾರುವ ಅಂಗಡಿಗಳಿಗೆ 2018ರ ನಿಯಮಗಳಿವೆ. ಕುದುರೆ ಸವಾರಿ ಶಾಲೆಗೆಂದೇ ಅಂಥ ಪ್ರತ್ಯೇಕ ನಿಯಮವಿಲ್ಲ. ಟಿಕೆಟ್ ಇಟ್ಟು ಪ್ರದರ್ಶನ ಮಾಡಿಸುವ ಪ್ರಾಣಿಯನ್ನು ನೋಂದಾಯಿಸಬೇಕು, ಟಿಕೆಟ್ ಇಟ್ಟು ಬೆನ್ನ ಮೇಲೆ ಕೂರಿಸಿದರೆ ಆ ಹಂಗೂ ಇಲ್ಲ. ಬ್ರಿಟನ್ನಿನಲ್ಲಿ 1964ರಲ್ಲೇ ಸವಾರಿ ಶಾಲೆಗಳಿಗೆ ಪರವಾನಗಿ ಕಡ್ಡಾಯ ಮಾಡಿದರು. ಪಶುವೈದ್ಯರು ನೋಡಿ ವರದಿ ಕೊಡದೆ ಪರವಾನಗಿಯಿಲ್ಲ, ಮೂರು ವರ್ಷ ತುಂಬದ ಕುದುರೆಯನ್ನು ಸವಾರಿಗೆ ಬಿಡುವಂತಿಲ್ಲ. ನಮ್ಮಲ್ಲಿ ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 1965ರ ನಿಯಮಗಳು ಸವಾರಿಗೆ ಮುಳ್ಳಿನ ಕಡಿವಾಣ ಬಳಸುವುದನ್ನು ಈಗಾಗಲೇ ನಿಷೇಧಿಸಿವೆ. 2001ರ ನಿಯಮಗಳು ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಲೇಬೇಕು ಎನ್ನುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಯ್ದೆಯ 34ನೇ ಸೆಕ್ಷನ್ ಇದೆ. ಕಾಯ್ದೆಯಡಿ ಯಾವುದೇ ಅಪರಾಧ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ, ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸರು ಅಥವಾ ಸರ್ಕಾರ ಅಧಿಕಾರ ಕೊಟ್ಟ ವ್ಯಕ್ತಿ ಆ ಪ್ರಾಣಿಯನ್ನು ವಶಕ್ಕೆ ಪಡೆದು ಪಶುವೈದ್ಯಾಧಿಕಾರಿಯಿಂದ ಪರೀಕ್ಷೆ ಮಾಡಿಸಬಹುದು. ಸಂಜ್ಞೇಯ, ಅಸಂಜ್ಞೇಯ ಎಂಬ ಭೇದ ಆ ಸೆಕ್ಷನ್ನಿನಲ್ಲಿಲ್ಲ. 50 ರೂಪಾಯಿ ದಂಡದ ಹಿಂದೆ ಓಡುವುದಕ್ಕಿಂತ ಈ ಅಧಿಕಾರವನ್ನು ಮುಂದಿಟ್ಟುಕೊಳ್ಳುವುದು ಜಾಣತನ. ಬಹುಪಾಲು ಲಾಯಗಳಲ್ಲಿ ವಶಪಡಿಸುವವರೆಗೂ ಹೋಗಬೇಕಾಗದು. ವೈದ್ಯರು ಬರುತ್ತಾರೆ, ಬರೆದಿಡುತ್ತಾರೆ, ಮತ್ತೆ ಬರುತ್ತಾರೆ ಎಂದು ಗೊತ್ತಾದರೆ ಸಾಕು, ತೊಟ್ಟಿಗೆ ನೀರು ಬೀಳುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಕಡೆಗಣಿಸುವಂಥವಲ್ಲ. ಕುದುರೆ ಸಾಕುವವರು ಹೇಳುವ ಮೊದಲ ಮಾತು, ಪೇಟೆಯವರಿಗೆ ಕುದುರೆ ಗೊತ್ತಿಲ್ಲ ಎಂಬುದು. ರೇಸಿನಿಂದ ನಿವೃತ್ತಿಯಾಗಿ ಸವಾರಿ ಶಾಲೆಗೆ ಬಂದ ಥರೋಬ್ರೆಡ್ ಕುದುರೆ ಸ್ವಭಾವತಃ ಸಪೂರ, ಮುದಿ ಕುದುರೆ ಎಷ್ಟು ತಿಂದರೂ ಮೈ ಹಿಡಿಯುವುದಿಲ್ಲ ಎನ್ನುತ್ತಾರೆ. ಮೊದಲರ್ಧ ನಿಜ. ದೂರುದಾರರ ಕಣ್ಣು ತಪ್ಪಬಹುದು ಎಂದೇ ಅವರ ಮಾತನ್ನು ತೀರ್ಪೆಂದು ಹಿಡಿಯದೆ ವೈದ್ಯರನ್ನು ಕಳಿಸಿ ಎನ್ನುತ್ತಿದ್ದೇನೆ. ಇನ್ನರ್ಧಕ್ಕೆ ಉತ್ತರ ಬೇರೆ. ಕುದುರೆಯ ಹಲ್ಲು ಸವೆಯುತ್ತಾ ಅಂಚು ಚೂಪಾಗಿ ಕೆನ್ನೆಯೊಳಗೆ ಚುಚ್ಚುತ್ತದೆ, ಆಗ ಅರ್ಧ ಜಗಿದ ಹುಲ್ಲಿನ ಉಂಡೆಗಳು ಬಾಯಿಂದ ಕೆಳಗೆ ಬೀಳುತ್ತವೆ. ಹಲ್ಲನ್ನು ಉಜ್ಜಿ ಸಮಮಾಡಿ, ನೆನೆಸಿದ ಮೆತ್ತನೆಯ ಮೇವು ಕೊಟ್ಟರೆ ಎಷ್ಟೋ ಮುದಿ ಕುದುರೆಗಳು ಚೇತರಿಸಿಕೊಳ್ಳುತ್ತವೆ. ಅಷ್ಟಾದರೂ ಚೇತರಿಸದಿದ್ದರೆ ಅದರ ಬೆನ್ನ ಮೇಲೆ ಜೀನು ಯಾಕೆ ಇದೆ ಎಂಬುದು ಮುಂದಿನ ಪ್ರಶ್ನೆ. ಮುಪ್ಪಿನಿಂದ ಕೆಲಸಕ್ಕೆ ಬಾರದ ಪ್ರಾಣಿಯನ್ನು ದುಡಿಸಬಾರದೆಂದು ಕಾಯ್ದೆಯೇ ಹೇಳುತ್ತದೆ. ಪೈಪೋಟಿಯವರು, ಜಮೀನಿನ ಮೇಲೆ ಕಣ್ಣಿಟ್ಟವರು ಸುಳ್ಳು ದೂರು ಕೊಡುತ್ತಾರೆ ಎಂಬ ಆತಂಕವೂ ಇದೆ. ಈ ನಗರದ ಅಂಚಿನ ಭೂಮಿಯ ಬೆಲೆ ಬಲ್ಲವರು ಅದನ್ನು ತಳ್ಳಿಹಾಕಲಾರರು. ದೂರಿನ ಜೊತೆ ದಿನಾಂಕವಿರುವ ಫೋಟೊ, ಯಾವ ಕುದುರೆ ಎಂದು ಗುರುತಿಸುವ ಬಣ್ಣ ಮತ್ತು ಮಚ್ಚೆಯ ವಿವರ, ಸಾಧ್ಯವಿದ್ದರೆ ಒಂದಕ್ಕಿಂತ ಹೆಚ್ಚು ದಿನ ಕಂಡದ್ದು, ಇಷ್ಟನ್ನು ಕೇಳಿ. ಸುಳ್ಳಾದರೆ ವೈದ್ಯರ ವರದಿಯೇ ಆ ಲಾಯದ ಹೆಸರು ಉಳಿಸುತ್ತದೆ. ಈಗಿನ ಹಾಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವಿಡಿಯೊ ತಿರುಗಾಡಿದರೆ ಉಳಿಸುವವರು ಯಾರೂ ಇರುವುದಿಲ್ಲ.

ಕುದುರೆ ನೋಡಿಕೊಳ್ಳುವ ಬಡ ಸಾಯಿಸ್‌ಗಳ, ಸಣ್ಣ ಮಾಲೀಕರ ಹೊಟ್ಟೆಪಾಡಿನ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಹುರುಳಿ, ಬೂಸಾ, ಹುಲ್ಲು ಎಲ್ಲವೂ ತುಟ್ಟಿ. 2012ರಿಂದ 2019ರ ಜಾನುವಾರು ಗಣತಿಯ ಹೊತ್ತಿಗೆ ದೇಶದ ಕುದುರೆಗಳ ಸಂಖ್ಯೆ ಶೇ 45ಕ್ಕೂ ಹೆಚ್ಚು ಇಳಿದು 3.4 ಲಕ್ಷಕ್ಕೆ ಬಂದಿತ್ತು. ಕುದುರೆ ನಂಬಿದವರ ಬದುಕು ಎತ್ತ ಹೋಗುತ್ತಿದೆ ಎಂಬುದಕ್ಕೆ ಬೇರೆ ಲೆಕ್ಕ ಬೇಕಿಲ್ಲ. 2015ರಲ್ಲಿ ಬಾಂಬೆ ಹೈಕೋರ್ಟ್ ಮುಂಬಯಿಯ ಮೋಜಿನ ಸಾರೋಟುಗಳನ್ನು ನಿಲ್ಲಿಸಲು ಹೇಳಿದ ಹಾಗೆ ಇಲ್ಲೂ ಎಲ್ಲ ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಮುಚ್ಚಿದ ಲಾಯದ ಕುದುರೆಗಳು ಎಲ್ಲಿ ಹೋಗುತ್ತವೆ ಎಂಬುದು ನನಗೂ ಹೆದರಿಕೆಯೇ. ಮೊದಲ ಭೇಟಿಯಲ್ಲಿ ವೈದ್ಯರ ಸೂಚನೆ ಬರೆದುಕೊಟ್ಟು, ಇಷ್ಟು ದಿನದಲ್ಲಿ ಸರಿಪಡಿಸುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು, ಆ ದಿನ ಮತ್ತೆ ಹೋಗಿ ನೋಡಿದರೆ ಪ್ರಾಮಾಣಿಕ ಮಾಲೀಕನಿಗೆ ಅದು ಉಚಿತ ವೈದ್ಯಕೀಯ ಸಲಹೆಯಷ್ಟೇ. ವಶಪಡಿಸಿಕೊಂಡರೆ ದೊಡ್ಡ ಪ್ರಾಣಿಗಳನ್ನು ಎಲ್ಲಿ ಇಡುವುದು ಎಂದು ಅಧಿಕಾರಿಗಳು ಕೇಳುವುದೂ ಸರಿ. ಗೋಶಾಲೆಯ ಕೊಟ್ಟಿಗೆ ಕುದುರೆಗೆ ಹೊಂದುವುದಿಲ್ಲ. ಆದರೆ ಪ್ರಕರಣದಲ್ಲಿ ವಶಕ್ಕೆ ಪಡೆದ ಪ್ರಾಣಿಗಳ ಪಾಲನೆಯ ಖರ್ಚನ್ನು ಮಾಲೀಕರಿಂದಲೇ ವಸೂಲಿ ಮಾಡಲು 2017ರ ಕೇಂದ್ರ ನಿಯಮಗಳಲ್ಲಿ ದಾರಿಯಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಜೊತೆ ಮಾತಾಡಿ ಕೆಲವೇ ಕುದುರೆಗಳಿಗಾದರೂ ಜಾಗ ಗೊತ್ತುಮಾಡಿಟ್ಟರೆ ಆರಂಭಕ್ಕೆ ಸಾಕು.

ಗಡಿಯ ಗೊಂದಲ ಒಂದು ಬಾಕಿ. ಮೈಸೂರು ರಸ್ತೆಯಲ್ಲಿ ಕೆಂಗೇರಿ, ಕುಂಬಳಗೋಡು ದಾಟಿ ಬಿಡದಿಯ ಕಡೆ ಹೋದರೆ ಜಿಲ್ಲೆ ಬದಲಾಗುತ್ತದೆ. ಸವಾರಿಗೆ ದುಡ್ಡು ಕೊಡುವ ಮಗು ವಿಜಯನಗರದ್ದು, ಕುದುರೆ ಪಕ್ಕದ ಜಿಲ್ಲೆಯದ್ದು ಎಂದಾದಾಗ ದೂರನ್ನು ನಮ್ಮದಲ್ಲ ಎಂದು ಹಿಂದಿರುಗಿಸದೆ ತಮ್ಮ ಕಚೇರಿಯೇ ಅದನ್ನು ಅಲ್ಲಿಗೆ ರವಾನಿಸಿ ದೂರುದಾರರಿಗೆ ತಿಳಿಸಬೇಕು. ಬಂದ ದೂರಿಗೆ ಅಂದೇ ಒಂದು ಸಂಖ್ಯೆ, ಮೂರು ದಿನದೊಳಗೆ ಪಶುವೈದ್ಯರ ಭೇಟಿ, ಏಳು ದಿನದೊಳಗೆ ಮೈಯ ಅಂಕ, ಗೊರಸು, ಹಲ್ಲು, ಗಾಯ, ನೀರು, ಮೇವಿನ ವಿವರವಿರುವ ವರದಿ, ಅದರ ಆಧಾರದ ಮೇಲೆ ದೂರುದಾರರಿಗೆ ಲಿಖಿತ ಹಿಂಬರಹ: ಇಷ್ಟನ್ನು ತಾವು ಒಂದು ಸುತ್ತೋಲೆಯಲ್ಲಿ ಹೊರಡಿಸಬಹುದು, ಸಕಾಲ ಸೇವೆಗಳ ಪಟ್ಟಿಗೆ ಸೇರಿಸಲು ಸರ್ಕಾರಕ್ಕೆ ಶಿಫಾರಸು ಮಾಡಬಹುದು. ಮೂರು ತಿಂಗಳ ಕಾಲಮಿತಿ ಮೀರುವ ಮೊದಲೇ ಮೊಕದ್ದಮೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ಆಗ ಕಡತದಲ್ಲಿ ಏನಾದರೂ ಇರುತ್ತದೆ. ಪ್ರಾಣಿ ದಯಾ ಸಂಘದ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ಆ ಸಭೆಯ ನಡಾವಳಿಯನ್ನು ಸಾರ್ವಜನಿಕರು ಓದುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬಸವೇಶ್ವರನಗರದ ಒಬ್ಬ ನಾಗರಿಕ